ಕೂಲಿಯ ಲೆಕ್ಕದಲ್ಲಿ ಮತ್ತಾಯ 7:12 – ಬೀದರಿನ ಒಬ್ಬ ಗುತ್ತಿಗೆದಾರನ ಅನುಭವ

ನಮ್ಮ ಬೀದರ ಜಿಲ್ಲೆಯ ಕ್ರೈಸ್ತ ಸಭೆಗಳಲ್ಲಿ ಮನೆ ಕಟ್ಟುವ ಗುತ್ತಿಗೆ ಹಿಡಿಯುವವರು, ಸೆಂಟ್ರಿಂಗ್ ಮಾಡಿಸುವವರು, ಬಣ್ಣದ ಕೆಲಸಕ್ಕೆ ಆಳು ಇಟ್ಟವರು ಬೇಕಾದಷ್ಟು ಜನ ಇದ್ದಾರೆ. ಜನರು ನಮಗೆ ಏನು ಮಾಡಬೇಕೆಂದು ನಾವು ಬಯಸುತ್ತೇವೆಯೋ ಅದನ್ನೇ ನಾವು ಅವರಿಗೆ ಮಾಡಬೇಕೆಂಬ, ಬೈಬಲಿನ ಮತ್ತಾಯ 7:12ರ ಯೇಸುವಿನ ವಚನವನ್ನು ಇವರೆಲ್ಲರೂ ಸಂಡೇ ಸ್ಕೂಲಿನಲ್ಲಿಯೇ ಬಾಯಿಪಾಠ ಮಾಡಿದವರು. ಆದ್ದರಿಂದ ಅದರ ಅರ್ಥ ವಿವರಿಸಲು ನಾನು ಹೋಗುವುದಿಲ್ಲ. ಕೂಲಿ ಹಂಚುವ ಬಟವಡೆಯ ಸಂಜೆ ಕೈಯಲ್ಲಿ ದುಡ್ಡಿಲ್ಲದೆ, ಇಪ್ಪತ್ತು ಜನ ಎದುರಿಗೆ ನಿಂತಿರುವಾಗ ಆ ವಚನವನ್ನು ನಡೆಸುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ. ಐದಾರು ವರ್ಷಗಳ ಹಿಂದೆ ನಾನು ಇದಕ್ಕೆ ಕೈಹಾಕಿದಾಗ ಸಭೆಯ ಹಿರಿಯರೊಬ್ಬರು, “ತಮ್ಮಾ, ವಚನ ಚರ್ಚಿನ್ಯಾಗ ಇರ್ಲಿ, ಧಂದಾದಾಗ ತರಬ್ಯಾಡ, ಮನಿ ಮಾರ್ಕೋಬೇಕಾಗ್ತದ” ಎಂದಿದ್ದರು. ಮನೆ ಮಾರಿಕೊಳ್ಳುವ ಪ್ರಸಂಗ ಬರಲಿಲ್ಲ. ಕಳೆದ ವರ್ಷ ಅವರ ಮಗನ ಮನೆಯನ್ನು ಕಟ್ಟಿದವನೂ ನಾನೇ.

ನಮ್ಮ ಕಸುಬಿನಲ್ಲಿ ಅನ್ಯಾಯವು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಪ್ಲಿಂತ್ (ನೆಲಗಟ್ಟು) ಆದ ಮೇಲೆ ಇಷ್ಟು, ಲಿಂಟೆಲ್ (ಬಾಗಿಲು ಕಿಟಕಿಗಳ ಮೇಲಿನ ತೊಲೆ) ಆದ ಮೇಲೆ ಇಷ್ಟು, ಸ್ಲ್ಯಾಬ್ (ಛಾವಣಿ) ಬಿದ್ದ ಮೇಲೆ ಇಷ್ಟು ಎಂದು ಮಾಲೀಕರೊಡನೆ ಮಾತಾಗಿರುತ್ತದೆ. ಬ್ಯಾಂಕಿನ ಸಾಲದ ಕಂತು ಬಂದಿಲ್ಲವೆಂದೋ, ಮಗಳ ಲಗ್ನ ಇದೆಯೆಂದೋ ಅವರು ಒಂದು ತಿಂಗಳು ತಳ್ಳುತ್ತಾರೆ. ನಾವು ಆ ತಿಂಗಳನ್ನು ಗೋಡೆ ಕಟ್ಟುವ ಗವಂಡಿಯ ತಲೆಯ ಮೇಲೆ ಇಡುತ್ತೇವೆ. ಗವಂಡಿಯು ಹೆಣ್ಣಾಳಿನ ತಲೆಯ ಮೇಲೆ ಇಡುತ್ತಾನೆ. “ಮಾಲಕರು ಕೊಟ್ಟಿಲ್ಲ” ಎಂಬ ಒಂದೇ ಮಾತು ಮೂರು ಕಡೆ ಉತ್ತರವಾಗಿ ನಡೆಯುತ್ತದೆ. ಮಾಲೀಕರು ಹೇಳಿದ ದಿನಕ್ಕೆ ದುಡ್ಡು ಕೊಡಬೇಕೆಂದು ನಾನು ಬಯಸುತ್ತೇನಾದರೆ, ನನ್ನ ಕೆಳಗಿನವರಿಗೆ ನಾನು ಹೇಳಿದ ದಿನಕ್ಕೆ ಕೊಡಬೇಕು. ವಚನವು ನನ್ನ ಕಸುಬಿಗೆ ತಗುಲುವ ಜಾಗ ಇದು. ಅಧರ್ಮದಿಂದ ಮನೆ ಕಟ್ಟಿಸಿ, ನೆರೆಯವನಿಂದ ಕೂಲಿ ಕೊಡದೆ ದುಡಿಸಿಕೊಳ್ಳುವವನ ಗತಿಯೇನೆಂದು ಯೆರೆಮೀಯ 22:13 ಹೇಳುತ್ತದೆ. ಅದನ್ನು ಓದಿಯೂ ನಿದ್ದೆ ಮಾಡುವ ಗುತ್ತಿಗೆದಾರರನ್ನು ನಾನು ಬಲ್ಲೆ.

ಮೊದಲು ಎಲ್ಲರೂ ಹಿಡಿಯುವ ದಾರಿಯನ್ನೇ ನಾನೂ ಹಿಡಿದೆ, ಅಂದರೆ ಮನಸ್ಸು ಕರಗಿದಾಗ ಜೇಬಿನಿಂದ ಕೊಡುವುದು. ಒಬ್ಬನ ಮಗುವಿಗೆ ಜ್ವರವೆಂದರೆ ಐನೂರು, ಮತ್ತೊಬ್ಬನಿಗೆ ಊರಿಗೆ ಹೋಗಲು ಸಾವಿರ, ಕ್ರಿಸ್ಮಸ್ಸಿಗೆ ಹೆಣ್ಣಾಳುಗಳಿಗೆ ಸೀರೆ ಮತ್ತು ಎಲ್ಲರಿಗೂ ಬಿರಿಯಾನಿ. ಇದು ನಾಲ್ಕೈದು ತಿಂಗಳೂ ನಡೆಯಲಿಲ್ಲ. ಕೈ ಮುಂದೆ ಮಾಡಿ ಕೇಳಬಲ್ಲವರಿಗೆ ಸಿಕ್ಕಿತು, ಬಾಯಿಲ್ಲದವರಿಗೆ ಸಿಗಲಿಲ್ಲ. ಮುಂಗಾರಿನಲ್ಲಿ ಕೆಲಸ ನಿಂತು ನನ್ನ ಜೇಬು ಬರಿದಾದ ಕೂಡಲೇ ಮನಸ್ಸು ಕರಗುವುದೂ ನಿಂತಿತು. ವರ್ಷವಿಡೀ ಪಗಾರ ತಡೆದು ಡಿಸೆಂಬರಿನಲ್ಲಿ ಸೀರೆ ಹಂಚುವುದನ್ನು ಇಂದಿಗೂ ಅನೇಕರು ಧರ್ಮವೆಂದು ತಿಳಿದಿದ್ದಾರೆ. ಅದು ಅವರ ದುಡ್ಡನ್ನೇ ಬಣ್ಣದ ಕಾಗದದಲ್ಲಿ ಸುತ್ತಿ ಅವರಿಗೆ ಕೊಡುವುದಷ್ಟೇ ಎಂಬುದು ನನ್ನ ಅಭಿಪ್ರಾಯ, ಯಾರಿಗಾದರೂ ನೋವಾದರೆ ಆಗಲಿ.

ಎರಡನೆಯ ಪ್ರಯತ್ನ ಯಾಜಕಕಾಂಡ 19:13ರಿಂದ ಬಂದದ್ದು. ಕೂಲಿಯವನ ಕೂಲಿಯನ್ನು ಮರುದಿನದ ಬೆಳಗಿನವರೆಗೆ ಇಟ್ಟುಕೊಳ್ಳಬಾರದೆಂದು ಅಲ್ಲಿದೆ. ಧರ್ಮೋಪದೇಶಕಾಂಡ 24:15ರಲ್ಲಿ ಸೂರ್ಯ ಮುಳುಗುವುದರೊಳಗೆ ಕೊಡಬೇಕೆಂದಿದೆ. ಹಾಗೆಯೇ ದಿನದ ಬಟವಡೆ ಆರಂಭಿಸಿದೆ. ಚಿಲ್ಲರೆ ನೋಟು ಹೊಂದಿಸುವುದಕ್ಕೇ ದಿನಕ್ಕೆ ಒಂದು ತಾಸು ಹೋಗುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಮೂರನೆಯ ವಾರದಲ್ಲಿ ಇಬ್ಬರು ಗವಂಡಿಗಳ ಹೆಂಡಂದಿರು ಸೈಟಿಗೇ ಬಂದು, “ಅಣ್ಣಾರ, ದಿನಾ ಕೈಯಾಗ ರೊಕ್ಕ ಕೊಡಬ್ಯಾಡ್ರಿ, ಮನಿಗಿ ಬರೋದ್ರಾಗ ಅರ್ಧ ಆಗಿರ್ತದ” ಎಂದರು. ಆಗ ಎಲ್ಲರನ್ನೂ ಕೂರಿಸಿ ಕೇಳಿದೆ. ಸಂತೆಯ ಹಿಂದಿನ ಸಂಜೆ ಪೂರ್ತಿ ಬಟವಡೆ, ವಾರದ ನಡುವೆ ಖರ್ಚಿಗೆ ಸ್ವಲ್ಪ ಎಂದು ಅವರೇ ತೀರ್ಮಾನಿಸಿದರು. ನಾನು ಕೂಲಿಯವನಾಗಿದ್ದರೆ ಏನು ಬಯಸುತ್ತಿದ್ದೆ ಎಂಬುದನ್ನು ಒಬ್ಬನೇ ಕೂತು ಊಹಿಸುವುದಕ್ಕಿಂತ ಅವರನ್ನೇ ಕೇಳುವುದು ಸುಲಭ. ನನ್ನನ್ನು ಯಾರಾದರೂ ಕೇಳಲಿ ಎಂದು ನಾನೂ ಬಯಸುವವನೇ ಅಲ್ಲವೇ.

ಯೇಸು ಹೇಳಿದ ದ್ರಾಕ್ಷೆಯ ತೋಟದ ಸಾಮ್ಯವನ್ನೂ, ಅಂದರೆ ದೃಷ್ಟಾಂತ ಕಥೆಯನ್ನೂ, ಪರೀಕ್ಷಿಸಿ ನೋಡಿದ್ದೇನೆ. ಮತ್ತಾಯ 20ರಲ್ಲಿ ಯಜಮಾನನು ಬೆಳಿಗ್ಗೆಯಿಂದ ಸಂಜೆಯವರೆಗೆ ಐದು ಸಲ ಹೊರಗೆ ಹೋಗಿ ಆಳುಗಳನ್ನು ಕರೆದು, ಕಡೆಯ ಒಂದು ತಾಸು ದುಡಿದವರಿಗೂ ಪೂರ್ತಿ ದಿನದ ಕೂಲಿ ಕೊಡುತ್ತಾನೆ. ಮಧ್ಯಾಹ್ನ ಕೂಲಿಯವರು ಸೇರುವ ಅಡ್ಡಾದಲ್ಲಿ ಕೆಲಸ ಸಿಗದೆ ನಿಂತಿದ್ದವರನ್ನು ಕರೆತಂದು ನಾನೂ ಹಾಗೆಯೇ ಕೊಟ್ಟೆ. ಎರಡೇ ವಾರಗಳಲ್ಲಿ ಸೈಟು ಹೊತ್ತಿಕೊಂಡಿತು. ಬೆಳಿಗ್ಗೆ ಎಂಟಕ್ಕೆ ಬರುತ್ತಿದ್ದವರು ಹನ್ನೊಂದಕ್ಕೆ ಬರತೊಡಗಿದರು. ಅದು ಪರಲೋಕ ರಾಜ್ಯದ ಮಾತು, ಕಾಂಕ್ರೀಟಿನ ಮಾತಲ್ಲ ಎಂದು ನಮ್ಮ ಸಭಾಪಾಲಕರು ನಕ್ಕರು. ಆದರೂ ಅದರಿಂದ ಒಂದು ಸಂಗತಿಯನ್ನು ಉಳಿಸಿಕೊಂಡಿದ್ದೇನೆ: ನಾನು ಕರೆಸಿದ ಆಳಿಗೆ ಮಳೆಯಿಂದಲೋ ಸಿಮೆಂಟು ಬಾರದೆಯೋ ಕೆಲಸ ಸಿಗದಿದ್ದರೆ ಅರ್ಧ ದಿನದ ಕೂಲಿ ಕೊಟ್ಟೇ ಕಳುಹಿಸುತ್ತೇನೆ. ಬರಿಗೈಯಲ್ಲಿ ಹಿಂದಿರುಗುವವನ ಆಟೋ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೈಗೂಡಿದ ಉಪಾಯಕ್ಕೆ ಬರುತ್ತೇನೆ. ಲೂಕ 14:28ರಲ್ಲಿ, ಗೋಪುರ ಕಟ್ಟಬೇಕೆಂದಿರುವವನು ಮೊದಲು ಕೂತು ಖರ್ಚಿನ ಲೆಕ್ಕ ಮಾಡುವುದಿಲ್ಲವೇ ಎಂದು ಯೇಸು ಕೇಳುತ್ತಾನೆ. ಅದು ಶಿಷ್ಯತ್ವದ ಬೆಲೆಯ ಮಾತೆಂದು ಪ್ರಸಂಗಗಳಲ್ಲಿ ಕೇಳಿದ್ದೆ. ಕಟ್ಟುವ ಕಸುಬಿನವನಾದ ನನಗೆ ಅದು ನೇರವಾಗಿಯೂ ತಟ್ಟಿತು. ನೆರೆಯವನಿಗೆ ಮಾಡಬೇಕಾದದ್ದನ್ನು ಕೆಲಸ ಆರಂಭವಾದ ಮೇಲೆ ಲಾಭದಲ್ಲಿ ಉಳಿದದ್ದರಿಂದ ಮಾಡಲು ಹೊರಟರೆ ಅದು ಎಂದಿಗೂ ಆಗುವುದಿಲ್ಲ. ಅದನ್ನು ಸಿಮೆಂಟು, ಕಬ್ಬಿಣ, ಮರಳುಗಳ ಸಾಲಿನಲ್ಲಿಯೇ ಒಂದು ಬಾಬತ್ತಾಗಿ ಎಸ್ಟಿಮೇಟಿನಲ್ಲಿ ಬರೆಯಬೇಕು, ಮಾಲೀಕರ ಸಹಿಗೆ ಮೊದಲೇ ಬರೆಯಬೇಕು. ನನ್ನ ಕೊಟೇಷನ್ನಿನಲ್ಲಿ ಈಗ ಮಳೆಯ ದಿನದ ಅರ್ಧ ಕೂಲಿ, ಕುಡಿಯುವ ನೀರು, ಹೆಣ್ಣಾಳುಗಳ ಶೌಚದ ವ್ಯವಸ್ಥೆ, ಪೆಟ್ಟಾದರೆ ಆಸ್ಪತ್ರೆಯ ಮೊದಲ ಖರ್ಚು, ತಡವಾದ ಕಂತಿಗೆ ಆಧಾರವಾಗಿ ಎರಡು ವಾರಗಳ ಬಟವಡೆಯ ಠೇವಣಿ ಇವೆಲ್ಲವೂ ಇರುತ್ತವೆ. ಠೇವಣಿಯನ್ನು ಮಾಲೀಕರು ಮೊದಲ ದಿನವೇ ಕೊಡಬೇಕು. ಅದು ಬೇರೆ ಖಾತೆಯಲ್ಲಿರುತ್ತದೆ. ಕಡೆಯ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತೇನೆ. ಆ ಖಾತೆಯಿಂದ ಸಿಮೆಂಟು ತರುವುದಿಲ್ಲವೆಂಬುದು ನನ್ನ ಕಟ್ಟಳೆ. ಒಟ್ಟು ಶೇಕಡಾ ಎಷ್ಟು ಇಡುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ. ನನ್ನ ಎದುರಿಗೆ ರೇಟು ಹಾಕುವವರೂ ಇದನ್ನು ಓದುತ್ತಾರೆ.

ಮೊದಲ ವರ್ಷ ಕೈ ಸುಟ್ಟಿತು. ಚದರಡಿಗೆ ಮೂವತ್ತು ನಲವತ್ತು ರೂಪಾಯಿ ಹೆಚ್ಚು ಹೇಳಿದ್ದಕ್ಕೆ ನಾಲ್ಕೈದು ಮನೆಗಳ ಕೆಲಸ ತಪ್ಪಿತು. ಸಿಕ್ಕವುಗಳಲ್ಲಿ ಒಂದು ನಿವೇಶನದ ತಳಪಾಯದಲ್ಲಿ ನಮ್ಮ ಬೀದರಿನ ಕೆಂಪು ಕಲ್ಲು ಎಣಿಸಿದ್ದಕ್ಕಿಂತ ಮೇಲೆಯೇ ಸಿಕ್ಕಿ, ಬ್ರೇಕರ್ ತರಿಸಿ ಒಡೆಸಬೇಕಾಯಿತು. ಅಂತಹ ಹೊತ್ತಿನಲ್ಲಿ ಎಲ್ಲರೂ ಆ ಖರ್ಚನ್ನು ಕೂಲಿಯಲ್ಲಿ ಹಿಡಿಯುತ್ತಾರೆ, ನಾನು ಹಿಡಿಯಲಿಲ್ಲ. ನೂರಕ್ಕೆ ಹನ್ನೆರಡರಷ್ಟು ಉಳಿಯುತ್ತಿದ್ದ ಜಾಗದಲ್ಲಿ ಆ ವರ್ಷ ಆರೋ ಏಳೋ ಉಳಿದಿರಬೇಕು. ಮನೆಯಾಕೆ ಒಂದು ತಿಂಗಳು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಈಗಲೂ ಒಂದು ಮನೆಯ ಮೇಲೆ ಒಂಬತ್ತಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಆದರೆ ಆಗ ವರ್ಷಕ್ಕೆ ಮೂರು ಮನೆ ಮುಗಿಸುತ್ತಿದ್ದವನು ಈಗ ಆರು ಮುಗಿಸುತ್ತೇನೆ.

ಮುಗಿಸಲು ಸಾಧ್ಯವಾಗುವುದು ಆಳುಗಳು ಉಳಿದದ್ದರಿಂದ. ಡಿಸೆಂಬರು ಜನವರಿಯಲ್ಲಿ ತೊಗರಿ ಕಟಾವು ಬಂದಾಗ ಬೀದರಿನ ಸೈಟುಗಳು ಖಾಲಿಯಾಗುತ್ತವೆ. ಉಳಿದವರು ಹೈದರಾಬಾದಿನ ಬಸ್ಸು ಹತ್ತುತ್ತಾರೆ. ನನ್ನ ತಂಡದಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಆ ಎರಡು ತಿಂಗಳೂ ನಿಲ್ಲುತ್ತಾರೆ. ಹೈದರಾಬಾದಿನಲ್ಲಿ ದಿನಕ್ಕೆ ನೂರೈವತ್ತು ಹೆಚ್ಚು ಸಿಗುತ್ತದೆಂಬುದು ಅವರಿಗೂ ಗೊತ್ತು. ನಿಲ್ಲುವ ಕಾರಣವನ್ನು ಕೇಳಿದಾಗ ಒಬ್ಬನು ಹೇಳಿದ್ದು ಬಟವಡೆಯ ದಿನದ ಬಗ್ಗೆಯಲ್ಲ, ಕಾರ್ಮಿಕರ ಕಾರ್ಡಿನ ಬಗ್ಗೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿ ಆ ಕಾರ್ಡು ಪಡೆಯಲು ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ಪ್ರಮಾಣಪತ್ರ ಬೇಕು. ಅದಕ್ಕೆ ಸಹಿ ಹಾಕಲು ಗುತ್ತಿಗೆದಾರರು ಸತಾಯಿಸುತ್ತಾರೆ, ಕೆಲವರು ದುಡ್ಡನ್ನೂ ಕೇಳುತ್ತಾರೆ. ನನ್ನ ಬಿಲ್ಲಿಗೆ ಸಹಿ ಹಾಕದೆ ಅಲೆದಾಡಿಸುವ ಜನರ ಮೇಲೆ ನನಗೆ ಎಷ್ಟು ಸಿಟ್ಟೋ ಅದನ್ನು ನೆನೆಸಿಕೊಂಡು, ಹಾಜರಿ ಪುಸ್ತಕ ತೆಗೆದು ದಿನ ಎಣಿಸಿ ಅಲ್ಲಿಯೇ ಸಹಿ ಹಾಕಿಕೊಡುತ್ತೇನೆ. ಇದಕ್ಕೆ ಒಂದು ಪೆನ್ನಿನ ಖರ್ಚೂ ಇಲ್ಲ.

ಹೆಣ್ಣಾಳುಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದೇ ಬುಟ್ಟಿ, ಅದೇ ಮಹಡಿ, ಅದೇ ತಾಸು. ಆದರೂ ಗಂಡಾಳಿಗಿಂತ ನೂರೈವತ್ತು ಇನ್ನೂರು ಕಡಿಮೆ. ಸಮಾನ ಕೆಲಸಕ್ಕೆ ಸಮಾನ ವೇತನದ ಕಾಯಿದೆ 1976ರಲ್ಲಿಯೇ ಬಂದಿತ್ತು. ನಮ್ಮ ಕಡೆಯ ಸೈಟುಗಳಲ್ಲಿ ಅದರ ಗಾಳಿ ಬೀಸಿದ್ದನ್ನು ನಾನು ಕಂಡಿಲ್ಲ. ನಾನು ಸಮ ಮಾಡಿದಾಗ ಗಂಡಾಳುಗಳು ಮುಖ ಊದಿಸಿಕೊಂಡರು, ಇಬ್ಬರು ಬಿಟ್ಟೇ ಹೋದರು. ಪಕ್ಕದ ಸೈಟಿನ ಗುತ್ತಿಗೆದಾರನು ಮನೆಗೇ ಬಂದು, “ನೀವು ಹಿಂಗ ಮಾಡಿದ್ರ ನಮ್ ಆಳು ಕೆಡ್ತಾವ್ರಿ” ಎಂದು ಜಗಳವಾಡಿದನು. ತಗಡು, ಪೈಪು, ಬಾಗಿಲು ಸೇರಿಸಿ ಏಳೆಂಟು ಸಾವಿರದಲ್ಲಿ ಬಿಚ್ಚಿ ಒಯ್ಯಬಹುದಾದ ಒಂದು ಶೌಚದ ಕೋಣೆಯನ್ನೂ ಮಾಡಿಸಿದೆ. ಅದು ಒಂದು ಸೈಟಿನಿಂದ ಇನ್ನೊಂದಕ್ಕೆ ಟ್ರಾಲಿಯಲ್ಲಿ ಹೋಗುತ್ತದೆ. ನನ್ನ ಹೆಂಡತಿ ದಿನವಿಡೀ ಇಲ್ಲಿ ದುಡಿಯಬೇಕಾಗಿದ್ದರೆ ಏನು ಕೇಳುತ್ತಿದ್ದಳು ಎಂದು ಯೋಚಿಸಿದ ಕೂಡಲೇ ಹೊಳೆದದ್ದು ಅದೊಂದೇ. ಅದಕ್ಕೆ ಮೊದಲು ಹೆಣ್ಣಾಳುಗಳು ಬೇಸಿಗೆಯಲ್ಲಿಯೂ ನೀರು ಕುಡಿಯದೆ ದುಡಿಯುತ್ತಿದ್ದರು. ಮೇ ತಿಂಗಳಲ್ಲಿ ತಲೆ ತಿರುಗಿ ಬೀಳುವುದು ಮಾಮೂಲಾಗಿತ್ತು. ಈಗ ಅದು ಹೆಚ್ಚೂ ಕಡಿಮೆ ನಿಂತಿದೆ. ನಾನು ಖರ್ಚು ಮಾಡಿದ್ದರಲ್ಲಿ ಅತಿ ಬೇಗ ದುಡ್ಡು ಹುಟ್ಟಿಸಿದ್ದು ಆ ತಗಡಿನ ಕೋಣೆಯೇ.

ಮುಂಗಡದ ದುಡ್ಡು ಹಿಡಿದು ಓಡಿಹೋಗುವವರ ಬಗ್ಗೆ ಎಲ್ಲರೂ ಕೇಳುತ್ತಾರೆ. ಲೂಕನ ಸುವಾರ್ತೆಯಲ್ಲಿ ಇದೇ ವಚನವು 6:31ರಲ್ಲಿ ಬಂದು, ನಾಲ್ಕು ವಚನ ದಾಟುವುದರೊಳಗೆ, ತಿರುಗಿ ಬರುವುದೆಂಬ ನಿರೀಕ್ಷೆಯಿಲ್ಲದೆ ಸಾಲ ಕೊಡಿರಿ ಎಂಬ ಮಾತು ಬರುತ್ತದೆ. ನಾನು ಅದನ್ನು ಲೆಕ್ಕದ ಪದ್ಧತಿಯಾಗಿ ಮಾಡಿಕೊಂಡೆ: ಒಬ್ಬನಿಗೆ ಐದು ಸಾವಿರಕ್ಕಿಂತ ಹೆಚ್ಚು ಮುಂಗಡವಿಲ್ಲ, ಕೊಟ್ಟ ದಿನವೇ ಅದನ್ನು ವಹಿಯಲ್ಲಿ ನಷ್ಟವೆಂದು ಬರೆದುಬಿಡುವುದು. ಹಿಂದೆ ಇಪ್ಪತ್ತು ಇಪ್ಪತ್ತೈದು ಸಾವಿರ ಕೊಟ್ಟು, ಆಮೇಲೆ ಅವರ ಊರಿಗೆ ಹೋಗಿ ಕೂಗಾಡುತ್ತಿದ್ದ ಕಾಲದಲ್ಲಿ ಅರ್ಧ ಮುಳುಗುತ್ತಿತ್ತು. ಈಗ ಹತ್ತರಲ್ಲಿ ಎಂಟು ಪಾಲು ತಾನಾಗಿಯೇ ಹಿಂದಿರುಗುತ್ತದೆ. ಹಿಂದಿರುಗಿಸುವಂತೆ ಮಾಡಲು ಇನ್ನೊಂದು ಸಣ್ಣ ಯುಕ್ತಿ ಇದೆ. ಅದನ್ನು ಬರೆದರೆ ನನ್ನ ಆಳುಗಳೇ ಓದಿ ನಗುತ್ತಾರೆ, ಆದ್ದರಿಂದ ಬೇಡ.

ನನ್ನ ತಂಡದಲ್ಲಿ ಕ್ರೈಸ್ತರು ಮೂರು ನಾಲ್ಕು ಜನ ಮಾತ್ರ. ಉಳಿದವರು ಮುಸಲ್ಮಾನರು, ಲಂಬಾಣಿಗರು, ಲಿಂಗಾಯತರು. ಸೈಟಿನಲ್ಲಿ ನಾನು ವಚನ ಹೇಳುವುದಿಲ್ಲ. ಕೂಲಿಗೆ ಬಂದವನು ಕೂಲಿಯ ಹೊತ್ತಿನಲ್ಲಿ ಪ್ರಸಂಗ ಕೇಳಬೇಕಾಗಿಲ್ಲ. ಬಸವಕಲ್ಯಾಣದ ಕಡೆಯ ಹಿರಿಯ ಗವಂಡಿಯೊಬ್ಬರು ತಾವಾಗಿಯೇ ಕೇಳಿದಾಗ ಹೇಳಿದೆ. “ಇದು ನಮ್ಮ ಶರಣರು ಹೇಳಿದ ಕಾಯಕದ ಮಾತೇ ಆಯ್ತಲ್ರೀ” ಎಂದರು. ನಾವಿಬ್ಬರೂ ವಾದಕ್ಕೆ ಹೋಗಲಿಲ್ಲ, ಸ್ಲ್ಯಾಬಿಗೆ ನೀರು ಕಟ್ಟುವ ಹೊತ್ತಾಗಿತ್ತು.

ಮಾಲೀಕರ ವಿಷಯದಲ್ಲಿ ಮಾಡಿದ್ದು ಚಿಕ್ಕದು: ಕಬ್ಬಿಣ ಮತ್ತು ಸಿಮೆಂಟಿನ ಅಸಲು ಬಿಲ್ಲುಗಳನ್ನು ಅವರ ಕೈಗೇ ಕೊಡುತ್ತೇನೆ, ಅಂಗಡಿಯವರು ಕೊಡುವ ಕಮಿಷನ್ನನ್ನೂ ತೋರಿಸುತ್ತೇನೆ. ಕಮಿಷನ್ ಹೋಯಿತು, ಆದರೆ ಎರಡು ವಾರಗಳ ಠೇವಣಿ ಕೇಳಿದಾಗ ಅವರು ಬಾಯಿ ಮುಚ್ಚಿಕೊಂಡು ಕೊಡುವುದು ಆ ಬಿಲ್ಲುಗಳನ್ನು ನೋಡಿದ್ದರಿಂದಲೇ.

ಇನ್ನೂ ಕೈಗೂಡದಿರುವುದು ಸಾಮಾನಿನ ಅಂಗಡಿಗಳ ಉದ್ರಿ. ಯಾರಿಗೂ ಯಾವ ಸಾಲವೂ ಇರಬಾರದೆಂದು ರೋಮಾಪುರದವರಿಗೆ 13:8ರಲ್ಲಿದೆ. ಶಹಾಬಾದ ಕಲ್ಲಿನ ವ್ಯಾಪಾರಿಗೂ ಟೈಲ್ಸಿನವನಿಗೂ ನಾನು ಈಗಲೂ ಸುಮಾರು ಎರಡು ಲಕ್ಷ ಕೊಡಬೇಕಾಗಿದೆ. ಆಳುಗಳಿಗಾಗಿ ಮಾಡಿದ ಠೇವಣಿಯನ್ನು ಅಂಗಡಿಯವರಿಗೂ ಮಾಡಲು ಹೋದರೆ ನನ್ನ ಚದರಡಿಯ ರೇಟು ಬೀದರಿನಲ್ಲಿ ನಡೆಯದಷ್ಟು ಏರುತ್ತದೆ. ಈ ಸಲ ಹುಮನಾಬಾದ ರಸ್ತೆಯ ಒಂದು ಮನೆಯಲ್ಲಿ, ಟೈಲ್ಸಿನ ದುಡ್ಡನ್ನು ಮಾಲೀಕರು ನೇರವಾಗಿ ಅಂಗಡಿಗೆ ಕಟ್ಟುವಂತೆ ಕರಾರು ಮಾಡಿ ನೋಡುತ್ತಿದ್ದೇನೆ. ಅಂಗಡಿಯವನು ಒಪ್ಪಿದ್ದಾನೆ, ಮಾಲೀಕರು ಇನ್ನೂ ಯೋಚಿಸುತ್ತಿದ್ದಾರೆ.