ಝೆರಾತ್ ಆಡುವವನಿಗೆ ಜೊತೆಗಾರರು ಯಾರಿರಬೇಕು: ನನ್ನ ಅನುಭವ

ಎರಡು ತಂಡಗಳು ಸೆಣಸುವ ಕಂಪ್ಯೂಟರ್ ಆಟ ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ ಮಿಡ್ ಲೇನ್ (ನಡುದಾರಿ) ಸಿಕ್ಕರೆ ನಾನು ಆರಿಸುವುದು ಝೆರಾತ್‌ನನ್ನೇ. 2011ರಲ್ಲಿ ಬಂದ ಹಳೇ ಮಾಂತ್ರಿಕ. ಕ್ಯೂ, ಡಬ್ಲ್ಯೂ, ಇ, ಆರ್ ಅಂದರೆ ಆ ಕೀಲಿಗಳನ್ನು ಒತ್ತಿ ಬಳಸುವ ಶಕ್ತಿಗಳು. ಅವನ ಆರ್ 5000 ಯೂನಿಟ್ ದೂರದವರೆಗೂ ಬೀಳುತ್ತದೆ. ಆದರೆ ತಪ್ಪಿಸಿಕೊಳ್ಳಲು ಒಂದು ಡ್ಯಾಶ್ (ಸರ್ರನೆ ನುಗ್ಗುವ ಶಕ್ತಿ) ಕೂಡ ಇಲ್ಲ. ಎಲ್ಲ ಹೊಡೆತವನ್ನೂ ಗುರಿಯಿಟ್ಟೇ ಹೊಡೆಯಬೇಕು, ಎದುರಾಳಿ ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಮುಗೀತು. ಹಾಗಾಗಿ ಜೊತೆಗಾರರಲ್ಲಿ ನಾನು ಡ್ಯಾಮೇಜ್ ಹುಡುಕುವುದಿಲ್ಲ, ಅದು ನನ್ನ ಹತ್ತಿರವೇ ಬೇಕಾದಷ್ಟಿದೆ. ಎದುರಾಳಿಯನ್ನು ಒಂದು ಕಡೆ ನಿಲ್ಲಿಸುವವರು ಬೇಕು.

ಜಂಗಲ್‌ಗೆ (ದಾರಿಗಳ ನಡುವಿನ ಕಾಡು) ನನ್ನ ಮೊದಲ ಆಯ್ಕೆ ಜಾರ್ವನ್. ಬಾವುಟ ನೆಟ್ಟು ನುಗ್ಗಿ ಎದುರಾಳಿಯನ್ನು ಗಾಳಿಗೆ ಹಾರಿಸುತ್ತಾನೆ, ಆಮೇಲೆ ಅವನ ಆರ್ ಸುತ್ತಲೂ ಗೋಡೆ ಕಟ್ಟುತ್ತದೆ. ಫ್ಲ್ಯಾಶ್ (ಥಟ್ಟನೆ ಪಕ್ಕದ ಜಾಗಕ್ಕೆ ಹಾರುವ ಮಂತ್ರ) ಅಥವಾ ಡ್ಯಾಶ್ ಇಲ್ಲದವನು ಒಳಗೇ ಸಿಕ್ಕಿಬೀಳುತ್ತಾನೆ. ನನ್ನ ಹೊಡೆತಗಳಿಗೆ ಆ ಗೋಡೆ ಲೆಕ್ಕಕ್ಕೇ ಇಲ್ಲ. ಮೊದಲು ಡಬ್ಲ್ಯೂ, ಅದರ ನಡುಭಾಗ ನೇರ ಅವನ ಮೇಲೆ ಬೀಳಬೇಕು. ಅಲ್ಲಿ ಡ್ಯಾಮೇಜೂ ಜಾಸ್ತಿ, ಸ್ಲೋ ಕೂಡ ಜಾಸ್ತಿ. ಅದರ ಹಿಂದೆಯೇ ಕ್ಯೂ. ಸ್ಟನ್ ಮಾಡುವ, ಅಂದರೆ ಸ್ವಲ್ಪ ಹೊತ್ತು ಅಲ್ಲಾಡದಂತೆ ಮಾಡುವ ಇ ಮಾತ್ರ ಆಗಲೇ ಎಸೆಯುವುದಿಲ್ಲ. ಅವನು ಹೇಗೂ ನಿಂತಿದ್ದಾನಲ್ವಾ? ಸ್ಟನ್ ಮೇಲೆ ಸ್ಟನ್ ಹಾಕಿದರೆ ಒಂದು ಸುಮ್ನೆ ದಂಡ. ಗೋಡೆ ಬಿದ್ದು ಅವನು ಓಡಲು ತಿರುಗಿದಾಗ ಇ ಎಸೆಯುತ್ತೇನೆ.

ಬಾಟ್ ಲೇನ್‌ನಲ್ಲಿ (ಕೆಳದಾರಿ) ಬಿಲ್ಲುಗಾತಿ ಆಶ್ ಇದ್ದರೆ ನನಗೆ ಹಬ್ಬ. ಬಾಣ ದೂರ ಹೋದಷ್ಟೂ ಸ್ಟನ್ ಹೆಚ್ಚು, ಗರಿಷ್ಠ 3.5 ಸೆಕೆಂಡ್. ಅದಕ್ಕಿಂತ ನನಗೆ ಇಷ್ಟ ಕಾಣದ ಜಾಗವನ್ನು ತೋರಿಸುವ ಅವಳ ಗಿಡುಗ. ಕಾಣದವನಿಗೆ ಹೊಡೆಯುವುದು ಕತ್ತಲಲ್ಲಿ ಕಲ್ಲು ಬೀಸಿದ ಹಾಗೆ. ಡ್ರ್ಯಾಗನ್ ಜಗಳಕ್ಕೆ ಮೊದಲು ಗಿಡುಗ ಹಾರಿಸು ಅಂತ ಪಿಂಗ್ ಮಾಡುತ್ತೇನೆ. ಅರ್ಧ ರಕ್ತದಲ್ಲಿ ಮನೆಗೆ ಹೊರಟವನು ಕಂಡರೆ ಅಲ್ಲೇ ನಿಂತು ಆರ್.

ಝೋನ್ಯಾ (ಕೆಲ ಕ್ಷಣ ಯಾವ ಹೊಡೆತವೂ ತಾಗದಂತೆ ಮಾಡುವ ವಸ್ತು) ಒತ್ತಿ ಚಿನ್ನದ ಬೊಂಬೆಯಾದವನನ್ನು ಬಿಟ್ಟು ಓಡುವವರೇ ಜಾಸ್ತಿ. ಬಿಡಬೇಡಿ. 2.5 ಸೆಕೆಂಡ್ ಅವನು ಅಲ್ಲಾಡುವುದಿಲ್ಲ. ಡಬ್ಲ್ಯೂ ಬೀಳಲು ಒಂದು ಕ್ಷಣ ತಡವಾಗುತ್ತದೆ, ಆದ್ದರಿಂದ ಬಣ್ಣ ಬಿಡುವುದಕ್ಕೆ ಸ್ವಲ್ಪ ಮುಂಚೆಯೇ ಒತ್ತಬೇಕು. ಹೊತ್ತಿಗೆ ಸರಿಯಾಗಿ ಬೀಳುತ್ತದೆ.

ಸಪೋರ್ಟ್ (ಜೊತೆಗಾರರನ್ನು ಕಾಯುವ ಪಾತ್ರ) ವಿಷಯದಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ. ಮೋರ್ಗಾನಾ ಕಟ್ಟಿಹಾಕುತ್ತಾಳೆ ನಿಜ, ಆದರೂ ನನಗೆ ಲುಲು ಬೇಕು. ಮೈಮೇಲೆ ಹಾರಿದವನನ್ನು ಪುಟ್ಟ ಪ್ರಾಣಿಯಾಗಿ ಮಾಡಿಬಿಟ್ಟರೆ ಅಷ್ಟು ಹೊತ್ತು ಅವನು ಹೊಡೆಯುವ ಹಾಗಿಲ್ಲ. ಆ ಸಂದಿಯಲ್ಲಿ ನಾನು ಇ ಹೊಡೆದು ಹಿಂದೆ ಸರಿಯುತ್ತೇನೆ.

ಎದುರಿಗೆ ಝೆಡ್, ಅವರ ಜಂಗಲ್‌ನಲ್ಲಿ ರೆಂಗರ್ (ಇಬ್ಬರೂ ಮೈಮೇಲೆ ಬಿದ್ದು ಕೊಲ್ಲುವವರು), ನಮ್ಮಲ್ಲಿ ತಡೆಯುವವರು ಯಾರೂ ಇಲ್ಲ ಅಂದರೆ ಝೆರಾತ್ ಆಸೆ ಬಿಟ್ಟು ಲಿಸಾಂಡ್ರಾ ಆರಿಸುತ್ತೇನೆ. ಅವಳಿಗೆ ತನ್ನನ್ನೇ ಮಂಜಿನಲ್ಲಿ ಮುಚ್ಚಿಕೊಳ್ಳಲಾದರೂ ಬರುತ್ತದೆ.