ಎಂ.ಎ. ಸೀಟು ತುಂಬಬೇಕಾ? ಮೊದಲು ಬಸ್ಸಿನ ವೇಳೆ ನೋಡಿ

ನಾನು ಅರ್ಥಶಾಸ್ತ್ರ ವಿಭಾಗದ ಮುಖ್ಯಸ್ಥೆಯಾದಾಗ ನಮ್ಮ ಎಂ.ಎ.ಗೆ ಇದ್ದ ಸೀಟು 40. ಸೇರಿದವರು 14. ದೀಪಾವಳಿ ಹೊತ್ತಿಗೆ ಉಳಿದವರು 11. ಉತ್ತರ ಕರ್ನಾಟಕದ ಒಂದು ಸಣ್ಣ ಸ್ನಾತಕೋತ್ತರ ಕೇಂದ್ರ ನಮ್ಮದು. ಮರುವರ್ಷ 33 ಜನ ಸೇರಿದರು, 31 ಜನ ಉಳಿದರು. ಈಗ ಆ ಕುರ್ಚಿ ಬೇರೆಯವರದು. ಆದರೂ "ಏನ್ ಮಾಡಿದ್ರಿ ಮೇಡಂ" ಅಂತ ಫೋನ್ ಬರುತ್ತಲೇ ಇರುತ್ತದೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲಿ ಬರೆದಿದ್ದೇನೆ.

ಫ್ಲೆಕ್ಸ್, ಕರಪತ್ರಕ್ಕೆ ದುಡ್ಡು ಸುರಿಯಬೇಡಿ. ಕಪಾಟಿನಲ್ಲಿರುವ ಹೋದ ವರ್ಷದ ಅರ್ಜಿಗಳನ್ನು ತೆಗೆಯಿರಿ. ಅರ್ಜಿ ಹಾಕಿಯೂ ಸೇರದವರು ಎಷ್ಟು ಜನ ಅಂತ ಎಣಿಸಿ. ನಮ್ಮಲ್ಲಿ ಅಂಥವರು 38 ಇದ್ದರು. ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಮಾಡುವುದಾದರೆ ಸಂಜೆ ಏಳರ ಮೇಲೆ ಮಾಡಿ, ಹಗಲಲ್ಲಿ ಅವರು ಬಟ್ಟೆ ಅಂಗಡಿಯಲ್ಲೋ ಹೊಲದಲ್ಲೋ ಇರುತ್ತಾರೆ. ಆರು ಅರ್ಜಿಗಳಲ್ಲಿ ಒಂದೇ ನಂಬರ್ ಇತ್ತು! ಎತ್ತಿದವನು ಸೈಬರ್ ಸೆಂಟರ್‌ನವನು. ಸಿಟ್ಟಾಗಬೇಡಿ, ಅವನನ್ನು ಪರಿಚಯ ಮಾಡಿಕೊಳ್ಳಿ. ಪ್ರವೇಶದ ಕೊನೆಯ ದಿನಾಂಕ ಊರಿಗೆ ತಿಳಿಯುವುದು ಅವನಿಂದಲೇ.

ಯಾಕೆ ಸೇರಲಿಲ್ಲ ಅಂತ ಕೇಳಿದರೆ ಯಾರೂ "ನಿಮ್ಮ ಕೋರ್ಸ್ ಚೆನ್ನಾಗಿಲ್ಲ" ಅನ್ನಲಿಲ್ಲ. ಆರನೇ ಸೆಮಿಸ್ಟರ್ ರಿಸಲ್ಟ್ ಬಂದಿರಲಿಲ್ಲ, ಫೀ ಒಂದೇ ಗಂಟಿಗೆ ಕಟ್ಟಬೇಕಿತ್ತು, ಬಿ.ಎಡ್. ಸಿಕ್ಕಿತು, ಹಾಸ್ಟೆಲ್ ಸಿಗಲಿಲ್ಲ. ಒಬ್ಬಳ ಪ್ರಶ್ನೆ ಮಾತ್ರ ನನ್ನನ್ನು ತಡೆದು ನಿಲ್ಲಿಸಿತು: "ಎಂ.ಎ. ಸೇರಿದ್ರ ಯುವನಿಧಿ ಮೂರ್ ಸಾವಿರ ಬರಂಗಿಲ್ಲಲ್ರೀ ಮೇಡಂ?" ಲೆಕ್ಕ ಸರಿಯಾಗಿತ್ತು. ಕೆಲಸ ಸಿಗದ ಪದವೀಧರರಿಗೆ ಸರ್ಕಾರ ತಿಂಗಳಿಗೆ ಕೊಡುವ ಆ ಹಣ ಓದು ಮುಂದುವರಿಸಿದವರಿಗೆ ಇಲ್ಲ. ನಾವು ಅರ್ಥಶಾಸ್ತ್ರ ಕಲಿಸುವ ಮೊದಲೇ ಅವಳಿಗೆ ಅದು ಗೊತ್ತಿತ್ತು, ಅಲ್ವಾ?

ಹಾಗಾಗಿ ಎಂ.ಎ. ಯಾಕೆ ಅನ್ನುವುದಕ್ಕೆ ನಿಜವಾದ ಉತ್ತರ ಇಟ್ಟುಕೊಳ್ಳಿ. ಬ್ಯಾಂಕ್ ಪರೀಕ್ಷೆಗೆ ಡಿಗ್ರಿ ಸಾಕು, ಅದಕ್ಕಾಗಿ ಬರುವವರಿಗೆ ಬೇಡ ಅಂತಲೇ ಹೇಳಿ. ಪಿಯು ಉಪನ್ಯಾಸಕರಾಗಲು ಎಂ.ಎ. ಜೊತೆಗೆ ಬಿ.ಎಡ್. ಬೇಕು. ಸಹಾಯಕ ಪ್ರಾಧ್ಯಾಪಕರಾಗಲು ಶೇ. 55 ಅಂಕದ ಜೊತೆಗೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು, ಇಲ್ಲವೇ ಪಿಎಚ್.ಡಿ. ಇರಬೇಕು. ಯುಪಿಎಸ್‌ಸಿ ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಬೇಕೇ ಬೇಕು. ಇದನ್ನು ಡಿಗ್ರಿ ಕಾಲೇಜುಗಳಿಗೆ ಹೋಗಿ ಫೆಬ್ರವರಿಯಲ್ಲೇ ಹೇಳಿ. ಅದೇ ಕಾಲೇಜಿನಿಂದ ಬಂದ ನಿಮ್ಮ ವಿದ್ಯಾರ್ಥಿಯನ್ನು ಕರೆದೊಯ್ಯಿರಿ, ಮಾತನ್ನು ಅವರಿಗೇ ಬಿಡಿ.

ಸೇರಿದ ಮೇಲಿನ ಮೊದಲ ಆರು ವಾರದಲ್ಲೇ ಸೀಟು ಸೋರುವುದು. ಕ್ಲಾಸು ಶುರುವಾಗಿರುತ್ತದೆ, ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲಿನ ಆಯ್ಕೆ ಪಟ್ಟಿ ಬಂದಿರುವುದಿಲ್ಲ. ಒಬ್ಬ ತಂದೆ ನನ್ನ ಕೋಣೆಯಲ್ಲಿ ಕೂತು ಕೇಳಿದರು: "ಪಟ್ಟಿ ಬರೂತನಾ ಅಕಿ ಎಲ್ಲಿ ಇರ್ಬೇಕ್ರೀ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗಳನ್ನು ವಾಪಸ್ ಕರೆದುಕೊಂಡು ಹೋದರು. ಮರುವರ್ಷ ಜೂನ್‌ನಲ್ಲೇ ವಾರ್ಡನ್ ಹತ್ತಿರ ಹೋಗಿ ಕೂತೆ. ಪಟ್ಟಿ ಬರುವವರೆಗೆ ಹೊಸಬರು ಸೀನಿಯರ್‌ಗಳ ಕೋಣೆಯಲ್ಲಿ ಅತಿಥಿಯಾಗಿ ಇರಲು ಒಪ್ಪಿಗೆ ಪಡೆದೆ. ಊಟದ ಖರ್ಚು ಅವರವರದೇ. ಇದಕ್ಕೆ ಬೇಕಾದದ್ದು ಒಂದು ಪತ್ರ, ಎರಡು ಸಲ ಚಹಾ.

ಆಮೇಲೆ ಸ್ಕಾಲರ್‌ಶಿಪ್. ಎಸ್‌ಎಸ್‌ಪಿ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿಯನ್ನು ವಿದ್ಯಾರ್ಥಿಗಳ ಪಾಡಿಗೆ ಬಿಡಬೇಡಿ. ಎರಡನೇ ವಾರದಲ್ಲಿ ಒಂದು ದಿನ ಕ್ಲಾಸು ಬಿಟ್ಟು ಎಲ್ಲರನ್ನೂ ಕಂಪ್ಯೂಟರ್ ಲ್ಯಾಬಿನಲ್ಲಿ ಕೂರಿಸಿ. ಹಿಂದಿನ ದಿನವೇ ಆಧಾರ್, ಬ್ಯಾಂಕ್ ಪಾಸ್‌ಬುಕ್, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ತರಲು ಹೇಳಿ. ಹೆಚ್ಚಿನವರದು ಸಿಕ್ಕಿಹಾಕಿಕೊಳ್ಳುವುದು ಎರಡೇ ಕಡೆ. ಮಾರ್ಕ್ಸ್ ಕಾರ್ಡಿನ ಹೆಸರಿಗೂ ಆಧಾರ್ ಹೆಸರಿಗೂ ಇನಿಷಿಯಲ್ ವ್ಯತ್ಯಾಸ ಇರುತ್ತದೆ. ಇಲ್ಲವೇ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ಇವನ್ನು ಸರಿಮಾಡಲು ಆಧಾರ್ ಕೇಂದ್ರಕ್ಕೋ ಬ್ಯಾಂಕಿಗೋ ಹೋಗಿ ಬರಬೇಕು, ಅದಕ್ಕೇ ಕೊನೆಯ ವಾರಕ್ಕೆ ಇಡಬೇಡಿ ಅನ್ನುವುದು. ನಮ್ಮ ಕ್ಲರ್ಕ್ "ಇದು ನನ್ನ ಕೆಲಸ ಅಲ್ಲ" ಅಂದರು. ನಿಜ, ಅವರದ್ದಲ್ಲ. ನನ್ನದೂ ಅಲ್ಲ. ಆದರೂ ಮಾಡಿದೆವು.

ಇನ್ನು ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಲವತ್ತು, ಐವತ್ತು ಕಿಲೋಮೀಟರ್ ದೂರದಿಂದ ದಿನಾ ಬಂದು ಹೋಗುವ ಹುಡುಗಿಯರು ನಮ್ಮಲ್ಲಿ ಜಾಸ್ತಿಯಾದರು. ಟಿಕೆಟ್ ಚಿಂತೆ ಹೋಯಿತು, ವೇಳೆಯ ಚಿಂತೆ ಉಳಿಯಿತು. ನಮ್ಮ ಮೊದಲ ಪೀರಿಯಡ್ 10ಕ್ಕೆ, ಅವರ ಬಸ್ಸು ಗೇಟಿಗೆ ಬರುವುದು 10.20ಕ್ಕೆ. ಒಂಬತ್ತು ಜನ ಇಡೀ ಸೆಮಿಸ್ಟರ್ ಒಂದೇ ಪೇಪರಿನಲ್ಲಿ ಹಿಂದೆ ಬಿದ್ದಿದ್ದರು, ಹಾಜರಾತಿಯೂ ಇಲ್ಲ. ನಾವು ಸುಮ್ನೆ "ಸೋಮಾರಿಗಳು" ಅಂದುಕೊಂಡಿದ್ದೆವು. ಕ್ಲಾಸನ್ನು 10.30ಕ್ಕೆ ತಂದೆವು, ಮಧ್ಯಾಹ್ನದ ಊಟದ ಬಿಡುವನ್ನು ಅರ್ಧ ಗಂಟೆ ಕತ್ತರಿಸಿದೆವು, ಸಂಜೆ 4ಕ್ಕೆ ಬಿಟ್ಟೆವು. ದಿನಾ ಓಡಾಡುವವರು ಮುಖ ತೊಳೆದು ಕೂರಲು ಒಂದು ಕೋಣೆ ಬೇಕು. ಮಹಿಳಾ ಶೌಚಾಲಯದ ಬೀಗದ ಕೈ ಮುಖ್ಯಸ್ಥರ ಡ್ರಾಯರಿನಲ್ಲಿ ಇರಬಾರದು. ನಾನು ಬಂದಾಗ ಅದು ಅಲ್ಲೇ ಇತ್ತು.

ಪಾಠದ ವಿಷಯಕ್ಕೆ ಬಂದರೆ, ನಮ್ಮವರಲ್ಲಿ ಬಹುತೇಕರು ಬಿ.ಎ.ಯನ್ನು ಕನ್ನಡದಲ್ಲಿ ಓದಿದವರು. ಸೀಮಾಂತ ತುಷ್ಟಿಗುಣ ಅಂದರೆ ಥಟ್ಟನೆ ವಿವರಿಸುತ್ತಾರೆ. ಮಾರ್ಜಿನಲ್ ಯುಟಿಲಿಟಿ ಅಂದರೆ ತಲೆ ತಗ್ಗಿಸುತ್ತಾರೆ. ಎರಡೂ ಒಂದೇ ಅಂತ ಯಾರೂ ಹೇಳಿರುವುದಿಲ್ಲ. ಮೊದಲ ಮೂರು ವಾರ ಸಿಲಬಸ್ ಮುಟ್ಟಬೇಡಿ. ಪದಗಳ ಜೋಡಿ ಪಟ್ಟಿ ಗೋಡೆಗೆ ಅಂಟಿಸಿ, ಗ್ರಾಫ್ ಬಿಡಿಸುವುದನ್ನು, ಸ್ವಲ್ಪ ಕಲನಶಾಸ್ತ್ರವನ್ನು ಕೈಯಾರೆ ಮಾಡಿಸಿ. ಮತ್ತೆ ಒಮ್ಮೆ ಹೊರಗೆ ಕರೆದೊಯ್ಯಿರಿ. ನಾವು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಹೋದೆವು. ಅರ್ಧ ಜನ ಅಪ್ಪನ ಜೊತೆ ಅಲ್ಲಿ ಚೀಲ ಇಳಿಸಿದವರೇ. ಟೆಂಡರ್ ಹೇಗೆ ಹಾಕುತ್ತಾರೆ, ದರ ಯಾರು ಬರೆಯುತ್ತಾರೆ ಅಂತ ಕೇಳಿ ತಿಳಿದದ್ದು ಅವತ್ತು. ಆ ದಿನದ ಫೋಟೋಗಳು ಅವರ ವಾಟ್ಸಾಪ್ ಸ್ಟೇಟಸ್‌ಗೆ ಹೋದವು. ನಮ್ಮ ಕರಪತ್ರಕ್ಕಿಂತ ಜಾಸ್ತಿ ಫೋನ್ ಅದರಿಂದ ಬಂತು.

ಸೀಟು ತುಂಬಿದ ಕೂಡಲೇ ಮೇಲಿನಿಂದ "ಇನ್ನು 20 ಹೆಚ್ಚಿಸಿ" ಅನ್ನುತ್ತಾರೆ. ಪೇಮೆಂಟ್ ಸೀಟು ಅಂದರೆ ಎಲ್ಲರಿಗೂ ಇಷ್ಟ. ನನಗಿಂತ ಹಿಂದಿನವರು ಒಮ್ಮೆ ಹೌದು ಅಂದಿದ್ದರು. ಕಾಯಂ ಅಧ್ಯಾಪಕರು ಇಬ್ಬರು, ಅತಿಥಿ ಉಪನ್ಯಾಸಕರ ನೇಮಕ ಆದೇಶ ಬಂದದ್ದು ಕ್ಲಾಸು ಶುರುವಾಗಿ ಐದು ವಾರಕ್ಕೆ. 60 ಪ್ರಾಜೆಕ್ಟ್ ವರದಿಗಳನ್ನು ಯಾರೂ ಸರಿಯಾಗಿ ಓದಲಿಲ್ಲ. ಅದರ ಮುಂದಿನ ಎರಡು ವರ್ಷ ಅರ್ಜಿಗಳೇ ಕಡಿಮೆಯಾದವು, ಸೀಟು ಮತ್ತೆ 40ಕ್ಕೆ ಇಳಿಯಿತು. ನೀವು ಹೌದು ಅನ್ನುವ ಮೊದಲು ಬೆಂಚು, ಪ್ರಾಜೆಕ್ಟ್ ಗೈಡ್, ಹಾಸ್ಟೆಲ್ ಹಾಸಿಗೆ, ಮೂರನ್ನೂ ಎಣಿಸಿ ಕಾಗದದಲ್ಲಿ ಬರೆದು ಕೊಡಿ. ಬಾಯಲ್ಲಿ ಹೇಳಿದರೆ ನಿಲ್ಲುವುದಿಲ್ಲ.

ಎರಡು ವರ್ಷಕ್ಕೆ ಕುರ್ಚಿ ಬದಲಾಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ವಾರ್ಡನ್ ನಂಬರ್, ಸೈಬರ್ ಸೆಂಟರ್‌ನವನ ನಂಬರ್, ಎಸ್‌ಎಸ್‌ಪಿಯಲ್ಲಿ ಯಾರದ್ದು ಎಲ್ಲಿ ನಿಂತಿದೆ, ಯಾವ ಊರಿನ ಬಸ್ಸು ಎಷ್ಟಕ್ಕೆ, ಎಲ್ಲ ಬರೆದಿಟ್ಟು ಮುಂದಿನವರಿಗೆ ಕೊಡಿ. ಬಸ್ಸಿನ ಪುಟವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಪ್ರತಿ ಸೆಮಿಸ್ಟರ್ ಶುರುವಿಗೆ ಡಿಪೋಗೆ ಒಂದು ಫೋನ್ ಮಾಡಿ ಅದನ್ನು ತಿದ್ದಬೇಕಾಗುತ್ತದೆ.