ನುಡಿ ಟೈಪಿಂಗ್ ಪಾಠಕ್ಕೆ ನಾನು ಆರಿಸಿಕೊಂಡ ಸ್ಕ್ರೀನ್ ರೆಕಾರ್ಡರ್

ಕನ್ನಡ ಟೈಪಿಂಗ್ ಕಲಿಸುವ ವಿಡಿಯೊಗೆ ಪರದೆಯೊಂದನ್ನೇ ರೆಕಾರ್ಡ್ ಮಾಡಿದರೆ ಸಾಲುವುದಿಲ್ಲ. ನುಡಿ ಕೀಲಿಮಣೆಯಲ್ಲಿ ‘ಅಕ್ಕ’ ಎಂದು ಬರೆಯಲು ಎ, ಕೆ, ಎಫ್, ಕೆ ಒತ್ತಬೇಕು. ಒತ್ತಕ್ಷರ ಕೂಡಿಸುವುದು ಆ ಎಫ್. ಆದರೆ ಪರದೆ ಮೇಲೆ ಎಫ್ ಎಲ್ಲೂ ಕಾಣುವುದಿಲ್ಲ. ಬೆರಳು ಎಲ್ಲಿಗೆ ಹೋಯಿತು ಅಂತ ಕಲಿಯುವವರಿಗೆ ಗೊತ್ತಾಗಬೇಕಲ್ವಾ? ಹಾಗಾಗಿ ಪರದೆ, ಕೈ, ದನಿ ಮೂರನ್ನೂ ಒಟ್ಟಿಗೆ ಹಿಡಿಯುವ ಸಾಫ್ಟ್‌ವೇರ್ ನನಗೆ ಬೇಕಿತ್ತು.

ವಿಂಡೋಸ್‌ನಲ್ಲೇ ಇರುವ ಗೇಮ್ ಬಾರ್ ಮೊದಲು ನೋಡಿದೆ. ವಿಂಡೋಸ್ ಕೀ, ಆಲ್ಟ್, ಆರ್ ಒಟ್ಟಿಗೆ ಒತ್ತಿದರೆ ರೆಕಾರ್ಡಿಂಗ್ ಶುರು, ಬಹಳ ಸುಲಭ. ಆದರೆ ಅದು ಒಂದು ಆ್ಯಪ್ ಅನ್ನಷ್ಟೇ ಹಿಡಿಯುತ್ತದೆ, ಡೆಸ್ಕ್‌ಟಾಪ್ ಮತ್ತು ಫೈಲ್ ಎಕ್ಸ್‌ಪ್ಲೋರರ್ ಅದರಲ್ಲಿ ಬರುವುದಿಲ್ಲ. ಬರೆದ ಫೈಲ್ ಎಲ್ಲಿ ಸೇವ್ ಆಯಿತು ಎಂದು ತೋರಿಸದೆ ಹೊಸಬರಿಗೆ ಪಾಠ ಹೇಳುವುದು ಹೇಗೆ? ಕ್ಯಾಮ್ಟೇಶಿಯಾ ಎಂಬ ಇನ್ನೊಂದು ರೆಕಾರ್ಡರ್ ಚೆನ್ನಾಗಿದೆ, ಎಡಿಟಿಂಗ್ ಕೂಡ ಅದರಲ್ಲೇ ಆಗುತ್ತದೆ. ಆದರೆ ದುಡ್ಡು ಕೊಡಬೇಕು.

ಕೊನೆಗೆ ಒಬಿಎಸ್ ಸ್ಟುಡಿಯೊ ಆರಿಸಿದೆ. ಇದು ಉಚಿತ, ಮುಕ್ತ ತಂತ್ರಾಂಶ. ವಾಟರ್‌ಮಾರ್ಕ್ ಇಲ್ಲ, ಇಷ್ಟೇ ನಿಮಿಷ ಎಂಬ ಮಿತಿಯೂ ಇಲ್ಲ. ತೆರೆದ ತಕ್ಷಣ ಕಾಣುವ ಸೀನ್, ಸೋರ್ಸ್ ಎಂಬ ಪಟ್ಟಿಗಳು ಗಲಿಬಿಲಿ ಮಾಡಬಹುದು. ಸೀನ್ ಅಂದರೆ ಊಟದ ಎಲೆ, ಸೋರ್ಸ್‌ಗಳು ಅದರಲ್ಲಿ ಬಡಿಸುವ ಐಟಂಗಳು ಅಂದುಕೊಳ್ಳಿ. ಯಾವುದು ಎಲ್ಲಿರಬೇಕು, ಎಷ್ಟಿರಬೇಕು ಎಲ್ಲಾ ನಮ್ಮಿಷ್ಟ.

ನನ್ನ ಸೀನ್‌ನಲ್ಲಿ ಎರಡು ಚಿತ್ರಗಳಿವೆ. ಒಂದು ಡಿಸ್‌ಪ್ಲೇ ಕ್ಯಾಪ್ಚರ್, ಅಂದರೆ ಇಡೀ ಪರದೆ. ಒಂದೇ ವಿಂಡೋ ಹಿಡಿಯುವ ವಿಂಡೋ ಕ್ಯಾಪ್ಚರ್ ಬೇಡ, ಅದರಲ್ಲಿ ತೆರೆದುಕೊಳ್ಳುವ ಮೆನುಗಳು ಎಷ್ಟೋ ಸಲ ಬೀಳುವುದೇ ಇಲ್ಲ. ಇನ್ನೊಂದು ವೆಬ್‌ಕ್ಯಾಮ್. ಅದನ್ನು ಸ್ಟ್ಯಾಂಡ್‌ಗೆ ಕಟ್ಟಿ, ಕೀಬೋರ್ಡ್ ಎದುರಿನಿಂದ ಕೆಳಮುಖವಾಗಿ ಬಗ್ಗಿಸಿದ್ದೇನೆ. ಚಿತ್ರ ತಲೆಕೆಳಗಾಗಿ ಬರುತ್ತದೆ, ಟ್ರಾನ್ಸ್‌ಫಾರ್ಮ್ ಮೆನುವಿನಲ್ಲಿ 180 ಡಿಗ್ರಿ ತಿರುಗಿಸಿದರೆ ಸರಿ.

ಇಲ್ಲೊಂದು ಸೂಕ್ಷ್ಮ ಇದೆ. ವೆಬ್‌ಕ್ಯಾಮ್ ಚಿತ್ರ ಚೂರು ತಡವಾಗಿ ಬರುತ್ತದೆ. ಹಾಗಾಗಿ ಅಕ್ಷರ ಮೊದಲೇ ಮೂಡಿ, ಬೆರಳು ಆಮೇಲೆ ಒತ್ತಿದ ಹಾಗೆ ಕಾಣುತ್ತದೆ. ಟೈಪಿಂಗ್ ಪಾಠದಲ್ಲಿ ಇದು ನಡೆಯೋದಿಲ್ಲ. ಒಬಿಎಸ್‌ನಲ್ಲಿ ರೆಂಡರ್ ಡಿಲೇ ಎಂಬ ಫಿಲ್ಟರ್ ಇದೆ, 500 ಮಿಲಿಸೆಕೆಂಡ್‌ವರೆಗೆ ತಡ ಮಾಡಬಹುದು. ಅದನ್ನು ಪರದೆಗೆ ಹಾಕಿ, ಬೆರಳು ಮತ್ತು ಅಕ್ಷರ ಕೂಡುವ ತನಕ ಸ್ವಲ್ಪ ಸ್ವಲ್ಪ ಹೆಚ್ಚಿಸಿದೆ. ದನಿಯೂ ಅಷ್ಟೇ ತಡವಾಗಲಿ ಎಂದು ಮೈಕ್‌ನ ಸಿಂಕ್ ಆಫ್‌ಸೆಟ್‌ನಲ್ಲೂ ಅದೇ ಅಂಕಿ ಕೊಟ್ಟೆ. ನಾನು ಈ ಸಾಫ್ಟ್‌ವೇರ್ ಬಿಡದಿರಲು ಇದೊಂದೇ ಸಾಕು.

ನೋಡುವವರು ಜಾಸ್ತಿ ಮೊಬೈಲ್‌ನವರು. ಅದಕ್ಕೇ ವಿಂಡೋಸ್‌ನ ಸ್ಕೇಲ್ 150 ಶೇಕಡಕ್ಕೆ ಏರಿಸಿ, ಅಕ್ಷರ ದಪ್ಪ ಮಾಡಿಕೊಂಡೇ ಕೂರುತ್ತೇನೆ. ಲ್ಯಾಪ್‌ಟಾಪ್ ಪರದೆ 1366×768, ಒಬಿಎಸ್‌ನ ಕ್ಯಾನ್ವಾಸ್ (ಸೀನ್ ಜೋಡಿಸುವ ಜಾಗ) ಮತ್ತು ಔಟ್‌ಪುಟ್ (ಉಳಿಯುವ ವಿಡಿಯೊ) ಎರಡರ ಅಳತೆಯೂ ಅಷ್ಟೇ. ಸುಮ್ನೆ 1920×1080ಕ್ಕೆ ಹಿಗ್ಗಿಸಿದರೆ ಅಕ್ಷರದ ಅಂಚು ಮಸುಕಾಗುತ್ತದೆ. ಸೆಕೆಂಡಿಗೆ 30 ಫ್ರೇಮ್ ಧಾರಾಳ. ಫ್ಯಾನ್ ಸದ್ದಿಗೆ ಮೈಕ್ ಮೇಲೆ ನಾಯ್ಸ್ ಸಪ್ರೆಷನ್ ಫಿಲ್ಟರ್ ಹಾಕಿದ್ದೇನೆ.

ಫೈಲನ್ನು ಎಂಕೆವಿ ಎಂಬ ವಿಡಿಯೊ ಫಾರ್ಮ್ಯಾಟ್‌ನಲ್ಲಿ ಉಳಿಸಿ. ಸಾಮಾನ್ಯ ಎಂಪಿ4 ಆದರೆ ನಡುವೆ ಕರೆಂಟ್ ಹೋದಾಗ ಇಡೀ ಫೈಲ್ ತೆರೆಯದೇ ಹೋಗಬಹುದು. ಎಂಕೆವಿಯಲ್ಲಿ ಅಲ್ಲಿಯವರೆಗಿನ ಪಾಠ ಉಳಿಯುತ್ತದೆ. ಆಮೇಲೆ ಫೈಲ್ ಮೆನುವಿನ ರೀಮಕ್ಸ್‌ನಲ್ಲಿ ಎಂಪಿ4 ಮಾಡಿಕೊಳ್ಳಬಹುದು, ಗುಣಮಟ್ಟ ಒಂದಿಷ್ಟೂ ಇಳಿಯುವುದಿಲ್ಲ.